ಕೊನೆಯವರು ಹತ್ತುವ ತನಕ

ನಮ್ಮೂರಿನಲ್ಲಿ ವಯಸ್ಸಾದವರಿಗೆ ಹಲ್ಲು ಬಿದ್ದ ಹಾಗೆ ಮಾತುಗಳೂ ಬೀಳುತ್ತವೆ. ಮೊದಲು ಬಳಸದೆ ಬಿಟ್ಟ ಮಾತುಗಳು, ಆಮೇಲೆ ದೂರದ ನೆಂಟರ ಹೆಸರುಗಳು, ಆಮೇಲೆ ಬಣ್ಣ, ವಾರ, ತರಕಾರಿ. ಬೆಳಿಗ್ಗೆ ಎದ್ದ ಅಜ್ಜಿ ಮೊರದ ಮುಂದೆ ಸುಮ್ಮನೆ ನಿಂತುಬಿಟ್ಟರೆ, ಓ, ಮೊರ ಹೋಯಿತು ಎಂದುಕೊಂಡು ಮನೆಯವರೇ ತೆಗೆದುಕೊಡುತ್ತಾರೆ. ಅದಕ್ಕೆ ಯಾರೂ ಅಳುತ್ತ ಕೂರುವುದಿಲ್ಲ. ಹೋದ ಮಾತು ಬರೆಯುವ ಕೈಗೂ ಬರುವುದಿಲ್ಲ, ತಲೆಯಾಡಿಸುವುದಕ್ಕೂ ಬರುವುದಿಲ್ಲ. ಹೀಗೆ ಎಲ್ಲ ಹೋಗಿ ಕೊನೆಗೆ ಒಂದೇ ಒಂದು ನಿಲ್ಲುತ್ತದೆ. ಅದನ್ನು ನಾವು ಉಳಿದ ಮಾತು ಎನ್ನುತ್ತೇವೆ. ಯಾವುದು ಉಳಿಯಬೇಕು ಎನ್ನುವುದು ಯಾರ ಕೈಯಲ್ಲೂ ಇಲ್ಲ. ಹೊತ್ತು ಹುಟ್ಟಿದರೆ ದೇವರ ನಾಮ ಹೇಳುತ್ತಿದ್ದ ನಮ್ಮತ್ತೆಗೆ ಉಳಿದದ್ದು ‘ಮುಚ್ಚು’. ಪಾತ್ರೆ ಮುಚ್ಚು, ಬಾಗಿಲು ಮುಚ್ಚು, ಬಾಯಿ ಮುಚ್ಚು ಎಂದು ನನಗೆ ಹೇಳಿ ಹೇಳಿ ಅದೇ ಗಟ್ಟಿಯಾಗಿತ್ತೆಂದು ಕಾಣುತ್ತದೆ. ಟೈಲರ್ ಇಮಾಮ್ ಸಾಬರಿಗೆ ‘ನಾಳೆ’ ಉಳಿಯಿತು. ಅವರ ಹತ್ತಿರ ಬಟ್ಟೆ ಹೊಲಿಯಲು ಕೊಟ್ಟವರೆಲ್ಲ, ಸಾಬರಿಗೆ ಏನೂ ಆಗಿಲ್ಲ, ಮೊದಲಿನ ಹಾಗೇ ಇದ್ದಾರೆ ಎಂದು ನಕ್ಕರು.

ಇಂಥವರ ವಿಷಯದಲ್ಲಿ ಊರಿಗೆ ಕಟ್ಟುಪಾಡುಗಳಿವೆ. ಉಳಿದ ಮಾತಿನವರಿಗೆ ಏನು ಬೇಕಾದರೂ ಹೇಳಬಹುದು, ಏನನ್ನೂ ಕೇಳಬಾರದು. ಹಿಂದೆ ‘ಹೂಂ’ ಉಳಿದಿದ್ದ ಒಬ್ಬ ಮುದುಕನನ್ನು ಕೇಳಿ ಕೇಳಿ ಅಣ್ಣತಮ್ಮಂದಿರ ಮಕ್ಕಳು ಅವನ ಮನೆ, ಹಿತ್ತಿಲು, ಕೊನೆಗೆ ಕಿವಿಯ ಒಂಟಿಯನ್ನೂ ತೆಗೆದುಕೊಂಡರಂತೆ. ಆವತ್ತಿನಿಂದ ಅವರ ಬಾಯಿಂದ ಬಂದದ್ದು ಉತ್ತರವಲ್ಲ ಎಂದು ಊರು ಗೊತ್ತು ಮಾಡಿತು. ಉಳಿದ ಮಾತೂ ಹೋಯಿತೆಂದರೆ ಮನುಷ್ಯ ಹೆಚ್ಚು ಹೊತ್ತು ಇರುವುದಿಲ್ಲ. ಆಗ ಓಣಿಯವರಿಗೆ ಹೇಳಿ ಕಳಿಸಬೇಕು, ನೆಂಟರು ಬರಬೇಕು. ಹೊರುವ ಹೊತ್ತಿಗೆ ಮನೆಯವರೊಬ್ಬರು ಹಿಂದೆ ನಿಂತು ಹೋದವರ ಉಳಿದ ಮಾತನ್ನು ಅವರ ಪರವಾಗಿ ಒಂದು ಸಲ ಗಟ್ಟಿಯಾಗಿ ಹೇಳಬೇಕು. ಅದು ಕಿವಿಗೆ ಬೀಳುವ ತನಕ ಹೊರುವವರು ಹೆಜ್ಜೆ ಎತ್ತುವಂತಿಲ್ಲ. ನಮ್ಮತ್ತೆಯನ್ನು ಕಳಿಸುವಾಗ ‘ಮುಚ್ಚು’ ಎಂದವಳು ನಾನೇ. ಒಂದು ಕ್ಷಣ ಸುಖವಾಯಿತು, ಆಮೇಲೆ ಬಹಳ ಅತ್ತೆ.

ನಮ್ಮ ಯಜಮಾನರ ಹೆಸರು ಮುರಿಗೆಪ್ಪ. ಬಾಯಲ್ಲಿ ಹೇಳಲು ನನಗೆ ಇವತ್ತಿಗೂ ಆಗದು, ಬರೆಯಲು ಅಡ್ಡಿಯಿಲ್ಲ. ಊರಿಗಿದ್ದ ಒಂದೇ ಒಂದು ಬಸ್ಸಿಗೆ ಅವರು ಕಂಡಕ್ಟರು. ಬಸ್ಸು ಈ ತುದಿಯ ಹತ್ತಿ ಗಿರಣಿಯಿಂದ ಹೊರಟು ಊರನ್ನೆಲ್ಲ ಬಳಸಿ ಆ ತುದಿಯ ಕೆರೆ ಏರಿಗೆ ಹೋಗಿ ಮತ್ತೆ ಬರುತ್ತಿತ್ತು. ನಡುವೆ ನಮ್ಮ ಮನೆಯ ಮುಂದೆಯೇ ಹಾಯುತ್ತಿತ್ತು. ಮಗಳು ದಾಕ್ಷಾಯಣಿ ಹೈಸ್ಕೂಲಿಗೆ ಹೋಗುವ ಕಾಲದಲ್ಲಿ ಇವರು ನನಗೊಂದು ಸ್ಲೇಟು ತಂದುಕೊಟ್ಟು ರಾತ್ರಿ ಶಾಲೆಗೆ ಸೇರಿಸಿದರು. ಕಂಡಕ್ಟರ ಹೆಂಡತಿ ಬೋರ್ಡು ಓದಲು ಬಾರದೆ ಯಾರನ್ನೋ ಕೇಳಿಕೊಂಡು ಬಸ್ಸು ಹತ್ತುವುದು ಅವರಿಗೆ ಅವಮಾನವಂತೆ. ಊರಿಗಿದ್ದದ್ದೇ ಒಂದು ಬಸ್ಸು, ಅದರ ಬೋರ್ಡು ಓದದಿದ್ದರೆ ಏನು ನಷ್ಟವೋ ನನಗೆ ತಿಳಿಯಲಿಲ್ಲ. ಆದರೂ ಹೋದೆ.

ರಾತ್ರಿ ಶಾಲೆಯ ಮೇಷ್ಟ್ರು ಅಕ್ಷರ ಮುಗಿದ ಮೇಲೆ ನಾಲ್ಕು ಇಂಗ್ಲಿಷ್ ಮಾತುಗಳನ್ನೂ ಹೇಳಿಕೊಟ್ಟರು. ಅದರಲ್ಲಿ ರೈಟ್ ಒಂದು. ಲೆಕ್ಕ ಸರಿಯಾದರೆ ಸ್ಲೇಟಿನ ಮೇಲೆ ಹಾಕುವ ಗುರುತು ರೈಟು. ಊಟ ಮಾಡುವ ಕೈ ರೈಟು. ಮನುಷ್ಯನಾಗಿ ಹುಟ್ಟಿದ ಮೇಲೆ ಯಾರೂ ಕಿತ್ತುಕೊಳ್ಳಬಾರದ ಹಕ್ಕೂ ರೈಟು. ಒಪ್ಪಿಗೆ ಎನ್ನುವುದಕ್ಕೂ ರೈಟೇ. ನಾನು ಎದ್ದು ನಿಂತು, ನಮ್ಮ ಮನೆಯವರು ಅದನ್ನು ಹೇಳಿ ಬಸ್ಸು ಬಿಡುತ್ತಾರೆ ಮೇಷ್ಟ್ರೇ, ಒಂದೇ ಮಾತಿಗೆ ಇಷ್ಟು ಕೆಲಸ ಹಚ್ಚಿದ್ದಾರಲ್ಲ, ಅವರಿಗೆ ಬೇರೆ ಆಳು ಸಿಗಲಿಲ್ಲವೇ ಎಂದೆ. ತರಗತಿಯೆಲ್ಲ ನಕ್ಕಿತು. ಮನೆಗೆ ಬಂದು ಹೇಳಿದರೆ ಇವರು ನಗಲಿಲ್ಲ. ಟಿಕೆಟ್ಟಿನ ಚೀಲ ಗೂಟಕ್ಕೆ ಸಿಕ್ಕಿಸುತ್ತ, “ನನ್ನ ಹತ್ರ ಅದಕ್ಕೆ ಒಂದೇ ಕೆಲಸ ಕಣೆ. ಆದ್ರೆ ಸುಮ್ಮನೆ ಆಗೋ ಕೆಲಸ ಅಲ್ಲ” ಅಂದರು. ಜನ ಹತ್ತುವಾಗ ಕಂಡಕ್ಟರಾದವನು ಕೆಳಗೆ ನೆಲದ ಮೇಲೆ ನಿಂತಿರಬೇಕು. ಹಿಂದೆ ನೋಡಬೇಕು, ಮುಂದೆ ನೋಡಬೇಕು, ಯಾವ ಓಣಿಯಿಂದಲಾದರೂ ಸೀರೆ ಎತ್ತಿ ಹಿಡಿದು ಓಡಿಬರುವ ಹೆಂಗಸು ಇದ್ದಾಳೆಯೇ ನೋಡಬೇಕು. ಕೊನೆಯವರು ಹತ್ತುವ ತನಕ ಆ ಮಾತು ಬಾಯಿಗೆ ಬರಬಾರದು. ತನ್ನ ಕಾಲು ಮೆಟ್ಟಿಲ ಮೇಲೆ ಬಂದ ಮೇಲೇ ರೈಟ್. ಇಷ್ಟು ಹೇಳಿ, ಅನ್ನ ಬಡಿಸು ಎಂದು ಕುಳಿತರು. ಅವರು ತಮ್ಮ ಕೆಲಸದ ಬಗ್ಗೆ ನನ್ನ ಹತ್ತಿರ ಅಷ್ಟು ಮಾತಾಡಿದ್ದು ಅದೊಂದೇ ಸಲ.

ಆ ಬಸ್ಸಿನ ಡ್ರೈವರು ಹಾಲೇಶ. ತಂದೆತಾಯಿ ಇಲ್ಲದ ಹುಡುಗ, ಸಣ್ಣ ವಯಸ್ಸಿಗೇ ಸ್ಟೇರಿಂಗು ಹಿಡಿದವನು. ಇವರು ಹೋಲ್ಡಾನ್ ಎಂದರೆ ನಿಲ್ಲಿಸುತ್ತಿದ್ದ, ರೈಟ್ ಎಂದರೆ ಬಿಡುತ್ತಿದ್ದ. ಹಿಂತಿರುಗಿ ನೋಡಿದವನಲ್ಲ. ಹಾಲೇಶನ ಕಾಲು ತಮ್ಮ ನಾಲಿಗೆಯ ತುದಿಯಲ್ಲಿದೆ ಎಂದು ಇವರಿಗೆ ಹೆಮ್ಮೆ. ಹಬ್ಬದ ಊಟಕ್ಕೆ ಮನೆಗೇ ಕರೆತರುತ್ತಿದ್ದರು. ದಾಕ್ಷಿ ಅದೇ ಬಸ್ಸಿನಲ್ಲಿ ಹೊಲಿಗೆ ಕಲಿಯಲು ಹೋಗುತ್ತಿದ್ದಳು. ಡ್ರೈವರನ ತಲೆಯ ಮೇಲಿನ ಕನ್ನಡಿಯಲ್ಲಿ ಏನೇನು ನಡೆಯಿತೋ, ಬಸ್ಸಿಗೆಲ್ಲ ಗೊತ್ತಿತ್ತು; ಸೊಪ್ಪಿನ ಬುಟ್ಟಿಯವರಿಗೆ ಗೊತ್ತಿತ್ತು, ಗಿರಣಿ ಕೆಲಸದವರಿಗೆ ಗೊತ್ತಿತ್ತು. ಹಿಂದಿನ ಬಾಗಿಲಲ್ಲಿ ನಿಂತು ರಸ್ತೆ ನೋಡುತ್ತಿದ್ದ ಇವರೊಬ್ಬರಿಗೆ ಗೊತ್ತಿರಲಿಲ್ಲ. ಒಂದು ದಿನ ಯಾರೋ ಚಿಲ್ಲರೆಯ ಜಗಳದಲ್ಲಿ, ಮೊದಲು ನಿನ್ನ ಮಗಳ ಟಿಕೆಟ್ ಯಾರು ಕೊಡ್ತಾರೆ ನೋಡ್ಕೊಳಪ್ಪ ಅಂದುಬಿಟ್ಟರು. ಬಸ್ಸೆಲ್ಲ ಕಿಸಕ್ಕೆಂದಿತು. ಆ ನಗುವೇ ಇವರನ್ನು ಸುಟ್ಟಿತು. ಹಾಲೇಶ ಕೆಟ್ಟವನೆಂದಾಗಲಿ, ಬೇರೆ ಜಾತಿಯವನೆಂದಾಗಲಿ ಅವರು ಒಂದು ದಿನವೂ ಅನ್ನಲಿಲ್ಲ. ನನ್ನ ಬೆನ್ನ ಹಿಂದೆ ಎಂದರು, ಅಷ್ಟೇ. ಮನೆ ಮುಂದಿನ ಮೆಟ್ಟಿಲ ಮೇಲೆ ಕೈ ಅಡ್ಡ ಹಿಡಿದು ಮಗಳಿಗೆ ಹೇಳಿದರು: “ಹೋಗ್ತೀಯ, ಹೋಗು. ನಾನಾಗಿ ಕರೆಯೋ ತನಕ ಈ ಮೆಟ್ಟಿಲು ಹತ್ತಬೇಡ.”

ದಾಕ್ಷಿ ಅವರ ಮಗಳೇ. “ಆಗ್ಲಿ ಅಪ್ಪ” ಅಂದಳು. ಹಾಲೇಶನನ್ನು ಮದುವೆಯಾಗಿ ಕೆರೆ ಏರಿಯ ಹತ್ತಿರ ಸಂಸಾರ ಹೂಡಿದಳು. ಇವರು ಬೇರೆ ಪಾಳಿ ಕೇಳಿ ಪಡೆದರು, ಹಾಲೇಶನ ಜೊತೆ ಮತ್ತೆ ಬಸ್ಸು ಹತ್ತಲಿಲ್ಲ. ನನಗೆ ಯಾರೂ ಏನೂ ಅಡ್ಡಿ ಮಾಡಲಿಲ್ಲ. ನಾನು ಹೋಗಿಬರುತ್ತಿದ್ದೆ, ಬಾಣಂತನ ಮಾಡಿದೆ, ಹಪ್ಪಳ ಕೊಟ್ಟು ಬಂದೆ. ಮನೆಗೆ ಬಂದಾಗ ಇವರು ಎಲ್ಲಿಗೆ ಹೋಗಿದ್ದೆ ಎಂದು ಕೇಳುತ್ತಿರಲಿಲ್ಲ. ನಾನೇ ಪಾತ್ರೆ ತೊಳೆಯುತ್ತ, ಮಗು ಅಂಬೆಗಾಲಿಡುತ್ತದೆ, ಮಗುವಿಗೆ ನಿಮ್ಮದೇ ಹಣೆ ಎಂದು ಗೋಡೆಗೆ ಹೇಳುವವಳಂತೆ ಹೇಳುತ್ತಿದ್ದೆ. ಅವರು ಪೇಪರು ಮಡಿಸುವ ಸದ್ದು ನಿಲ್ಲುತ್ತಿತ್ತು. ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಅಷ್ಟರಿಂದಲೇ ತಿಳಿಯುತ್ತಿದ್ದೆ. ಇನ್ನೊಂದು ಸ್ವಲ್ಪ ದಿನ ಕಳೆದರೆ ತಾವಾಗಿಯೇ ಕರೆಯುತ್ತಾರೆ ಎಂದು ಕಾದೆ. ಕಾಯುವುದು ನನಗೆ ಕಷ್ಟವಲ್ಲ. ಆದರೆ ಮಾತುಗಳು ನನಗಾಗಿ ಕಾಯಲಿಲ್ಲ.

ನಿವೃತ್ತಿಯಾದ ಮೇಲೆ ಅವರ ಮಾತುಗಳು ಬೇಗ ಬೇಗ ಬಿದ್ದವು. ಸ್ಟಾಪುಗಳ ಹೆಸರು ಹೋದವು. ನನ್ನ ಹೆಸರು ಹೋಯಿತು. ಅದನ್ನು ಹಿಡಿದು ಅವರು ಕರೆದದ್ದೇ ಕಡಿಮೆ, ಹೋದದ್ದು ನನಗೆ ತಡವಾಗಿ ತಿಳಿಯಿತು. ದಾಕ್ಷಿ ಎಂಬ ಮಾತು ಯಾವತ್ತು ಹೋಯಿತೋ ನನಗೆ ಗೊತ್ತೇ ಆಗಲಿಲ್ಲ. ಬಾ ಎನ್ನುವುದೂ ಹೋಯಿತು. ಒಂದು ಮಳೆಗಾಲದಲ್ಲಿ ಅವರ ಬಾಯಲ್ಲಿ ಎರಡೇ ಮಾತು ಉಳಿದಿದ್ದವು, ಹೋಲ್ಡಾನ್ ಮತ್ತು ರೈಟ್. ಹೋಲ್ಡಾನ್ ಉಳಿಯಲಿ ಎಂದು ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ. ನಿಲ್ಲು ಎನ್ನುವ ಮಾತಲ್ಲವೇ ಅದು, ಮಗಳ ಕಡೆ ಮುಖ ಮಾಡಿ ಅದನ್ನೊಂದು ಅಂದರೆ ಸಾಕಾಗಿತ್ತು. ಒಂದು ಬೆಳಿಗ್ಗೆ ಒಲೆಯ ಮೇಲೆ ಹಾಲು ಉಕ್ಕಿತು. ಹಾಗೆ ಉಕ್ಕಿದಾಗೆಲ್ಲ ಹೋಲ್ಡಾನ್ ಎಂದು ಕೂಗುತ್ತಿದ್ದವರು ಬಾಯಿ ತೆರೆದು, “ರೈಟ್” ಅಂದರು. ಹಾಲೆಲ್ಲ ಚೆಲ್ಲಿಹೋಯಿತು.

ಒಂದು ಮಾತಿನ ಜೊತೆ ಸಂಸಾರ ಮಾಡುವುದು ಜನ ತಿಳಿದುಕೊಂಡಷ್ಟು ಕಷ್ಟವಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ಅವರ ರೈಟ್ ಮೂಗಿನಿಂದ ಬರುತ್ತಿತ್ತು. ಸ್ನಾನದ ನೀರು ಹದವಾಗಿದ್ದರೆ ಕೊನೆಯಲ್ಲಿ ಎಳೆಯುತ್ತಿದ್ದರು. ಪಕ್ಕದ ಮನೆಯ ಕೂಸು ಅತ್ತರೆ ಮೆತ್ತಗೆ ಎರಡು ಸಲ. ಮೊಣಕಾಲು ನೋವಿಗೆ ಹಲ್ಲು ಕಚ್ಚಿ ಒಂದು ಸಲ. ಮೇಷ್ಟ್ರು ಹೇಳಿಕೊಟ್ಟ ಅರ್ಥಗಳಿಗೆ ನಾನು ಇನ್ನಷ್ಟು ಸೇರಿಸಿಕೊಂಡೆ. ಬೇಡ ಎನ್ನುವುದಕ್ಕೂ ರೈಟ್ ಎನ್ನಬಹುದು, ಹೆದರಿಕೆಗೂ ಎನ್ನಬಹುದು, ನೀನು ಊಟ ಮಾಡಿದೆಯಾ ಎಂದು ಕೇಳುವುದಕ್ಕೂ ಎನ್ನಬಹುದು. ನನಗೆ ತಿಳಿಯದೆ ಉಳಿದದ್ದು ಒಂದೇ ಒಂದು ರೈಟ್.

ಹಾಲೇಶ ಈಗಲೂ ಅದೇ ಬಸ್ಸು ಓಡಿಸುತ್ತಿದ್ದ. ಮಾವನಿಗೆ ಉಳಿದ ಮಾತು ಬಂತೆಂದು ತಿಳಿದ ಮೇಲೆ ನಮ್ಮ ಮನೆಯ ಮುಂದೆ ಹಾಯುವಾಗಲೆಲ್ಲ ಬಸ್ಸನ್ನು ನಿಧಾನ ಮಾಡುತ್ತಿದ್ದ. ಅಲ್ಲಿ ಸ್ಟಾಪಿಲ್ಲ. ಇವರು ಜಗಲಿಯ ಮೇಲೆ ಕುಳಿತಿರುತ್ತಿದ್ದರು. ಬಸ್ಸು ನಿಧಾನವಾದ ಕೂಡಲೇ ಬೆನ್ನು ನೆಟ್ಟಗೆ ಮಾಡಿ, ಹಿಂದೆ ಮುಂದೆ ನೋಡಿ, ಇಡೀ ಓಣಿಗೆ ಕೇಳುವಂತೆ ರೈಟ್ ಎನ್ನುತ್ತಿದ್ದರು. ಹಾಲೇಶ ತಲೆ ತಗ್ಗಿಸಿ ಗೇರು ಹಾಕುತ್ತಿದ್ದ. ಮನೆಗೆ ಹೋಗಿ ಹೆಂಡತಿಗೆ, ಮಾವ ಇವತ್ತೂ ಹೋಗು ಅಂದರು ಎಂದು ಹೇಳುತ್ತಿದ್ದನಂತೆ. ಕಟ್ಟುಪಾಡಿನ ಪ್ರಕಾರ ಅದನ್ನು ಉತ್ತರವೆಂದು ಹಿಡಿಯಬಾರದು. ಆದರೆ ಹೊಟ್ಟೆಯೊಳಗೆ ನೋವು ಕೂತವರಿಗೆ ಕಟ್ಟುಪಾಡು ಏನು ಮಾಡೀತು.

ಪಕ್ಕದ ಮನೆಯ ಚಂದ್ರವ್ವ ನನಗಿಂತ ವ್ಯವಹಾರಸ್ಥೆ. ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತ ಕುಳಿತಾಗ ದನಿ ತಗ್ಗಿಸಿ ಹೇಳಿದಳು: “ನೀನೊಬ್ಬಳು ಹುಚ್ಚಿ ಅಕ್ಕ. ಯಾರಿಗೂ ಕಾಣದಂಗೆ ಒಂದ್ಸಲ ಕೇಳಿಬಿಡು, ಮಗಳನ್ನ ಕರೀಲಾ ಅಂತ. ರೈಟ್ ಅಂತಾರೆ. ಇನ್ನೇನಂತಾರೆ ಪಾಪ. ಕೆಲಸ ಆಯ್ತು.”

“ಅವರ ಹತ್ರ ಇರೋದೇ ಅದೊಂದು. ಅದನ್ನೂ ಕಿತ್ಕೊಂಡು ನನ್ನ ಕೆಲಸ ಮಾಡ್ಕೊಳ್ಳಲಾ?” ಅಂದೆ.

“ಹಂಗಾದ್ರೆ ಕಾಯಿ. ನೀನೂ ಮುದುಕಿ ಆದೆ, ನಿಂಗೂ ಮಾತು ಬೀಳೋ ಕಾಲ ಬಂತು. ನಿಂಗೆ ‘ಇರ್ಲಿ’ ಉಳೀತದೆ ನೋಡ್ತಿರು” ಎಂದು ಕಲ್ಲನ್ನು ಕಿಟಕಿಯಾಚೆ ಎಸೆದಳು.

ನಾನು ಕೇಳಲಿಲ್ಲ. ಆದರೆ ಮರುದಿನವೇ ಬಸ್ಸು ಹತ್ತಿ ಕೆರೆ ಏರಿಗೆ ಹೋದೆ. ದಾಕ್ಷಿ ಹೊಲಿಗೆ ಮಿಷಿನ್ನಿನ ಮುಂದೆ ಕುಳಿತಿದ್ದಳು. ಕೂದಲು ಅರ್ಧ ನರೆತಿತ್ತು. ನಿಮ್ಮಪ್ಪನ ಬಾಯಲ್ಲಿ ಅದು ಹೋಗು ಎನ್ನುವ ಮಾತಲ್ಲ, ಎಲ್ಲರೂ ಹತ್ತಿದ ಮೇಲೆ ಹೇಳುವ ಮಾತು, ಕೊನೆಯವರು ಹತ್ತುವ ತನಕ ಅವರು ಯಾವತ್ತೂ ಅದನ್ನು ಹೇಳಿದವರಲ್ಲ, ಅಷ್ಟು ಪ್ರೀತಿಯ ಮಾತನ್ನು ನೀನು ಬೈಗುಳ ಮಾಡಿಕೊಂಡು ಕೂತಿದ್ದೀಯ ಎಂದು ಅವಳಿಗೆ ಹೇಳಿದೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದೆ, ಚೆನ್ನಾಗಿಯೇ ಹೇಳಿದೆ. ಅವಳು ಮಿಷಿನ್ನಿನ ಚಕ್ರ ಕೈಯಲ್ಲಿ ಹಿಡಿದು ನಿಲ್ಲಿಸಿದಳು.

“ಹತ್ತದೇ ಇರೋಳು ನಾನಿಲ್ಲೇ ಇದೀನಲ್ಲವ್ವ” ಅಂದಳು. “ಹಂಗಿದ್ರೆ ಯಾಕೆ ರೈಟ್ ಅಂತಾನೆ?”

ಅವಳು ಕೊಟ್ಟ ಕಾಫಿ ಕುಡಿದು ಲೋಟ ತೊಳೆದಿಟ್ಟು ಬಂದೆ. ಬಸ್ಸಿನಲ್ಲಿ ಬರುವಾಗ ನಮ್ಮ ಮನೆ ಬಂತು, ಹಾಲೇಶ ನಿಧಾನ ಮಾಡಿದ. ಜಗಲಿಯಿಂದ ರೈಟ್ ಎಂದು ಕೇಳಿಸಿತು. ನಾನು ಒಳಗಿದ್ದೆ, ಅವರು ಹೊರಗಿದ್ದರು. ನಾನು ಬಸ್ಸಿನಲ್ಲಿ ಇರುವುದು ಅವರಿಗೆ ಕಂಡಿರಲಿಲ್ಲ. ಮುಂದಿನ ಸ್ಟಾಪಿನ ತನಕ ಹೋಗಿ ಇಳಿದು ನಡೆದು ಬಂದೆ.

ನನ್ನ ಮಾತು ಅವಳಲ್ಲಿ ಏನೋ ಒಂದನ್ನು ಅಲುಗಾಡಿಸಿರಬೇಕು. ಆಮೇಲಾಮೇಲೆ ದಾಕ್ಷಿ ಬಸ್ಸಿನಲ್ಲಿ ನಮ್ಮ ಮನೆಯ ಮುಂದೆ ಹಾಯತೊಡಗಿದಳು. ಅದಕ್ಕೆ ಮೊದಲು ಹಿಂದಿನ ಸ್ಟಾಪಿನಲ್ಲೇ ಇಳಿದು ಓಣಿ ಬಳಸಿ ಹೋಗುತ್ತಿದ್ದವಳು. ಮೊದಮೊದಲು ಆಚೆ ಕಡೆಯ ಸೀಟಿನಲ್ಲಿ, ಆಮೇಲೆ ಈಚೆ ಕಡೆಯ ಕಿಟಕಿಗೆ. ಅಪ್ಪ ಮಗಳು ಒಬ್ಬರನ್ನೊಬ್ಬರು ನೋಡುತ್ತಿದ್ದರು. ಅವಳನ್ನು ಕಂಡ ದಿನ ಇವರ ರೈಟ್ ತುಸು ತಡವಾಗುತ್ತಿತ್ತು. ನಾನು ಬಾಗಿಲ ಹಿಂದೆ ನಿಂತು ಉಸಿರು ಹಿಡಿಯುತ್ತಿದ್ದೆ. ತಡವಾದರೂ ಬರುತ್ತಿತ್ತು. ಬಂದ ಮೇಲೆ ಬಸ್ಸು ಹೋಗುತ್ತಿತ್ತು.

ಆ ದಿನ ಬೆಳಿಗ್ಗೆ ಅವರಿಗೆ ಕಾಫಿ ಕೊಟ್ಟೆ. ಮೊದಲ ಗುಟುಕಿಗೆ ರೈಟ್ ಎನ್ನುವುದು ಅವರ ವಾಡಿಕೆ. ತುಟಿ ಆಡಿತು. ಮತ್ತೆ ಆಡಿತು. ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು, ಚೀಲದಲ್ಲಿ ಕೈಯಾಡಿಸಿ ಚಿಲ್ಲರೆ ಸಿಗದವರ ಹಾಗೆ. ನಾನು ಅವರ ಬಾಯಿಯ ಹತ್ತಿರ ಕಿವಿ ಇಟ್ಟೆ. ಬರೀ ಉಸಿರು. ಓಣಿಯವರಿಗೆ ಹೇಳಿ ಕಳಿಸಬೇಕಿತ್ತು. ಹೇಳಿದರೆ ಮನೆ ತುಂಬ ಜನ ಸೇರುತ್ತಾರೆ, ಒಂದು ಗಳಿಗೆ ನಾವಿಬ್ಬರೇ ಇರೋಣ, ಅವರನ್ನು ಮೀಯಿಸಿ, ಒಗೆದ ಪಂಚೆ ಉಡಿಸಿ ಆಮೇಲೆ ಹೇಳುತ್ತೇನೆ ಎಂದುಕೊಂಡೆ. ಮೀಯಿಸಿದೆ. ತಲೆ ಬಾಚಿದೆ. ಅಭ್ಯಾಸದಂತೆ ಜಗಲಿಗೆ ಕರೆತಂದು ಗೋಡೆಗೆ ಒರಗಿಸಿ ಕೂರಿಸಿದೆ. ಚಂದ್ರವ್ವನ ಮನೆಗೆ ಹೋಗೋಣವೆಂದು ಸೆರಗು ಹೊದ್ದುಕೊಳ್ಳುತ್ತಿದ್ದಾಗ ಬಸ್ಸಿನ ಸದ್ದು ಕೇಳಿಸಿತು.

ಹಾಲೇಶ ನಿಧಾನ ಮಾಡಿದ. ಕಿಟಕಿಯಲ್ಲಿ ದಾಕ್ಷಿ ಇದ್ದಳು. ಇವರು ಬಸ್ಸನ್ನು ನೋಡುತ್ತ ಕುಳಿತಿದ್ದರು. ಮಾತು ಬರಲಿಲ್ಲ. ಹಾಲೇಶ ಇನ್ನೂ ನಿಧಾನ ಮಾಡಿದ, ಆಮೇಲೆ ಪೂರ್ತಿ ನಿಲ್ಲಿಸಿದ. ಹೊಸ ಕಂಡಕ್ಟರು ಹಿಂದಿನಿಂದ ರೈಟ್, ರೈಟ್ ಅಣ್ಣ ಎಂದು ಕೂಗಿದ. ಹಾಲೇಶ ಕದಲಲಿಲ್ಲ. ಅವನ ಕಾಲು ಯಾರ ನಾಲಿಗೆಯ ತುದಿಯಲ್ಲಿತ್ತೋ ಅಲ್ಲಿಂದ ಅಪ್ಪಣೆ ಬಂದಿರಲಿಲ್ಲ. ಸೊಪ್ಪಿನ ಬುಟ್ಟಿಯವಳೊಬ್ಬಳು, “ಏನಪ್ಪ, ಮಾವನ ಮನೆ ಮುಂದೆ ಎಲೆ ಹಾಕಿಸ್ಕೊಂಡು ಕೂರ್ತೀಯೇನು, ನನ್ನ ಸೊಪ್ಪು ಬಾಡ್ತದೆ” ಅಂದಳು. ಯಾರೋ ನಕ್ಕರು. ಹಾಲೇಶ ಇಂಜಿನ್ನನ್ನೇ ಆರಿಸಿದ.

ದಾಕ್ಷಿ ಎದ್ದಳು. ಬಸ್ಸಿನಿಂದ ಇಳಿದು ರಸ್ತೆ ದಾಟಿ ನಮ್ಮ ಮೆಟ್ಟಿಲ ಕೆಳಗೆ ಬಂದು ನಿಂತಳು. ನಾನು ಬಾಗಿಲಲ್ಲಿದ್ದೆ. ಅವಳು ನನ್ನನ್ನು ನೋಡಲಿಲ್ಲ. ಅಪ್ಪನ ಬಾಯನ್ನೇ ನೋಡುತ್ತಿದ್ದಳು. ಅವರು ಅವಳನ್ನೇ ನೋಡುತ್ತಿದ್ದರು. ಅವಳು ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದಳು. ಹತ್ತಿ ಅವರ ಮುಂದೆ ಮಂಡಿಯೂರಿ, “ಹತ್ತಿದೆ ಅಪ್ಪ. ಇನ್ನ ಹೇಳು” ಅಂದಳು.

ಅವರ ತುಟಿ ಆಡಿತು. ಕುಳಿತಲ್ಲೇ ಒಂದು ಗೇಣು ಪಕ್ಕಕ್ಕೆ ಸರಿದರು. ಮಗಳಿಗೆ ಜಾಗ ಬಿಟ್ಟರೋ, ಸೊಂಟ ನೋಯಿತೋ, ಅವರ ಜೊತೆ ಅಷ್ಟು ಕಾಲ ಬಾಳಿದ ನಾನೂ ಹೇಳಲಾರೆ. ದಾಕ್ಷಿ ಆ ಜಾಗದಲ್ಲಿ ಕುಳಿತಳು, ಅವರ ತೋಳಿಗೆ ತಲೆ ಆನಿಸಿದಳು. ರಸ್ತೆಯಲ್ಲಿ ಹಾಲೇಶ ಸ್ಟೇರಿಂಗಿನ ಮೇಲೆ ಮುಖವಿಟ್ಟು ಅಳುತ್ತಿದ್ದ. ಬಸ್ಸಿನ ಜನ ಒಬ್ಬೊಬ್ಬರಾಗಿ ಇಳಿದು ನಡೆದುಕೊಂಡೇ ಹೋದರು. ಸೊಪ್ಪಿನವಳು ಹೋಗುವಾಗ ಎರಡು ಕಟ್ಟು ಮೆಂತ್ಯ ನಮ್ಮ ಮೆಟ್ಟಿಲ ಮೇಲಿಟ್ಟು ಹೋದಳು.

ಆವತ್ತೆಲ್ಲ ದಾಕ್ಷಿ ಅದನ್ನೇ ಹೇಳಿದಳು. ಮಕ್ಕಳನ್ನು ಕರೆಸಿ ಅವರಿಗೆ ಹೇಳಿದಳು, ಚಂದ್ರವ್ವನಿಗೆ ಹೇಳಿದಳು, ಅಪ್ಪನಿಗೆ ಗಂಜಿ ಕುಡಿಸುತ್ತ ಅಪ್ಪನಿಗೂ ಹೇಳಿದಳು. “ನಾನು ಹತ್ತಿಲ್ಲ ಅಂತ ಗಾಡಿ ನಿಲ್ಲಿಸಿದ ನೋಡವ್ವ. ಎಲ್ರ ಎದುರಿಗೇ ನಿಲ್ಲಿಸಿದ. ರೈಟ್ ಅನ್ನಲೇ ಇಲ್ಲ. ನೀನು ಹೇಳಿದ್ದು ನಿಜ.” ಅವಳ ಮುಖ ಹೈಸ್ಕೂಲಿಗೆ ಹೋಗುವ ಹುಡುಗಿಯ ಮುಖದ ಹಾಗಾಗಿತ್ತು. ಬೆಳಗಿನ ಕಾಫಿಯ ಲೋಟ ಇನ್ನೂ ಕಟ್ಟೆಯ ಮೇಲೆ ಹಾಗೇ ಇತ್ತು, ಒಂದೇ ಗುಟುಕು ಖಾಲಿಯಾಗಿತ್ತು. ನಾನು ಅದನ್ನು ಚೆಲ್ಲಿ, ತೊಳೆದು, ಮಗುಚಿ ಹಾಕಿದೆ. ಹೌದು ಕಣವ್ವ, ನಿಲ್ಲಿಸಿದರು ಎಂದೆ.

ಮರುದಿನ ಹೊತ್ತೇರುವ ಮೊದಲು ಅವರು ಹೋದರು. ಮಗಳ ಕೈ ಹಿಡಿದುಕೊಂಡಿದ್ದರು.

ನಮ್ಮಲ್ಲಿ ಕೂರಿಸಿ ಹೊರುವುದು ಪದ್ಧತಿ. ಬಿದಿರಿನ ವಿಮಾನ ಕಟ್ಟಿ, ಹೂವು ಸುತ್ತಿ, ಅದರಲ್ಲಿ ಕೂರಿಸಿದರು. ಜನ್ಮವೆಲ್ಲ ಬಸ್ಸಿನಲ್ಲಿ ನಿಂತೇ ಕಳೆದವರಿಗೆ ಕೊನೆಗೊಂದು ಸೀಟು ಸಿಕ್ಕಿತಲ್ಲ ಎಂದು ಯಾರೋ ಅಂದರು, ಅಳುತ್ತಿದ್ದವರೂ ನಕ್ಕರು. ಮುಂದಿನ ಹೆಗಲು ಹಾಲೇಶ ಕೊಟ್ಟ. ಕೊಟ್ಟವನು ಹಿಂತಿರುಗಿ ನೋಡದೆ, ಮಾತು ಬರಲೆಂದು ಕಾದು ನಿಂತ. ಎಲ್ಲರೂ ನನ್ನ ಕಡೆ ನೋಡಿದರು. ಹೇಳಬೇಕಾದವಳು ನಾನು. ನಾನು ಬಾಯಿ ತೆರೆದೆ, ಆಗಲಿಲ್ಲ. ಮಾತು ಬಾಯಲ್ಲೇ ಇತ್ತು, ಆದರೂ ಆಗಲಿಲ್ಲ. ದಾಕ್ಷಿ ನನ್ನ ಬೆನ್ನು ಸವರಿ ಮುಂದೆ ಹೋಗಿ ವಿಮಾನದ ಹಿಂದೆ, ನೆಲದ ಮೇಲೆ ನಿಂತಳು.

ಅಲ್ಲಿ ನಿಂತು ಅವಳು ಹಿಂದೆ ನೋಡಿದಳು, ಮುಂದೆ ನೋಡಿದಳು. ಓಣಿಯ ಆ ತುದಿ ಈ ತುದಿ ನೋಡಿದಳು. ಯಾರೂ ಓಡಿಬರುತ್ತಿರಲಿಲ್ಲ. ನಮ್ಮ ಕಡೆ ಹೆಂಡತಿಯಾದವಳು ಮಣ್ಣಿಗೆ ಹೋಗುವಂತಿಲ್ಲ. ನಾನು ಮನೆಯ ಮೆಟ್ಟಿಲ ಮೇಲೆ ನಿಂತಿದ್ದೆ. ಅವಳ ಕಣ್ಣು ತಿರುಗಿ ತಿರುಗಿ ಬಂದು ನನ್ನ ಮೇಲೆ ನಿಂತಿತು. ಕೊನೆಯವಳು ಹತ್ತಿಲ್ಲ ಎಂದು ಅವಳಿಗೆ ಕಂಡಿತು. ಅಪ್ಪನ ಹಾಗೆಯೇ ಬಾಯಿ ಬಿಗಿಹಿಡಿದು ಕಾದಳು. ಹೊರುವವರ ಹೆಗಲು ನೋಯುತ್ತಿತ್ತು.

ಇರಲಿ, ಹೇಳು ಎಂದು ನಾನು ತಲೆಯಾಡಿಸಿದೆ.

“ರೈಟ್” ಅಂದಳು ನನ್ನ ಮಗಳು, ಇಡೀ ಓಣಿಗೆ ಕೇಳುವ ಹಾಗೆ. ಹಾಲೇಶ ಹೆಜ್ಜೆ ಎತ್ತಿದ. ಕೊನೆಯವರು ಹತ್ತುವ ತನಕ ಒಂದು ದಿನವೂ ಗಾಡಿ ಬಿಟ್ಟವರಲ್ಲ ಅವರು. ಅವತ್ತು ಬಿಟ್ಟರು.